ಒಂಬತ್ತು ಗೀಟಿನ ಜಾಗದಲ್ಲಿ ಐದು

ನಮ್ಮ ಕೋಲಾಟದ ಗುಂಪಿನಲ್ಲಿ ಆಡುವ ಹೆಂಗಸರು ಒಂಬತ್ತು. ಹಿಡಿಯುವ ಬಟ್ಟೆ ಪಟ್ಟಿಗಳು ಎಂಟು. ಬೆಟ್ಟದ ಮೇಲಿನ ಒಂದು ಚಿಕ್ಕ ಊರಿನಿಂದ ಕಾರ್ಯಕ್ರಮಕ್ಕೆ ಕರೆ ಬಂದ ದಿನ, ನವೆಂಬರ್ ಎರಡು, ಭಾನುವಾರ, ನಾನು ಡೈರಿಯಲ್ಲಿ ಬರೆದುಕೊಂಡದ್ದು ಇಷ್ಟು: ‘ಒಬ್ಬರು ಹೊರಗೆ ಕೂರಬೇಕಾಗುತ್ತದೆ. ಅದು ಅಮ್ಮ ಆಗದಿರಲಿ.’

ಜಡೆ ಕೋಲಾಟ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಮೇಲೆ ಒಂದು ಕೊಕ್ಕೆ ಇರುತ್ತದೆ. ಅದರಿಂದ ಎಂಟು ಬಣ್ಣದ ಉದ್ದನೆಯ ಬಟ್ಟೆ ಪಟ್ಟಿಗಳು ಇಳಿಬಿದ್ದಿರುತ್ತವೆ. ಎಂಟು ಜನ ಎಡಗೈಯಲ್ಲಿ ಒಂದೊಂದು ಪಟ್ಟಿಯ ತುದಿ, ಬಲಗೈಯಲ್ಲಿ ಕೋಲು ಹಿಡಿದು ಸುತ್ತ ನಿಲ್ಲುತ್ತಾರೆ. ನಾಲ್ವರು ಬಲಕ್ಕೆ ಸುತ್ತುತ್ತಾರೆ, ನಾಲ್ವರು ಎಡಕ್ಕೆ. ಎದುರು ಬಂದ ಒಬ್ಬರನ್ನು ಒಳಗಿನಿಂದ ದಾಟಿದರೆ ಮುಂದಿನವರನ್ನು ಹೊರಗಿನಿಂದ ದಾಟಬೇಕು; ದಾಟುವಾಗ ಕೋಲಿಗೆ ಕೋಲು ತಾಗಿಸಬೇಕು. ಹೀಗೆ ಆರು ಸುತ್ತು ಬಂದರೆ ಕೊಕ್ಕೆಯಿಂದ ಕೆಳಕ್ಕೆ ಜಡೆ ಹೆಣೆದುಕೊಂಡು ಬರುತ್ತದೆ. ಆಮೇಲೆ ಎಲ್ಲರೂ ಹಿಂದಕ್ಕೆ ತಿರುಗಿ ಬಂದ ದಾರಿಯಲ್ಲೇ ಆರು ಸುತ್ತು ಹೋಗಬೇಕು, ಆಗ ಜಡೆ ಬಿಚ್ಚಿಕೊಳ್ಳುತ್ತದೆ. ಒಬ್ಬರು ಒಂದೇ ಒಂದು ಸಲ ಒಳಗೆ ಹೋಗುವಲ್ಲಿ ಹೊರಗೆ ಹೋದರೂ ಸಾಕು, ಗಂಟು ಬೀಳುತ್ತದೆ. ಹೆಣೆಯುವಾಗಿನ ತಪ್ಪು ನೋಡುವವರಿಗೆ ಗೊತ್ತಾಗುವುದಿಲ್ಲ. ಬಿಚ್ಚುವಾಗ ಎಲ್ಲರ ಕಣ್ಣಿಗೂ ಬೀಳುತ್ತದೆ.

ನಮ್ಮ ಅಭ್ಯಾಸ ಬೆಂಗಳೂರಿನ ಮೂಡಲಪಾಳ್ಯದಲ್ಲಿ, ಎಲ್ಲರೂ ‘ದೊಡ್ಡಮ್ಮ’ ಎನ್ನುವ ಗುಂಪಿನ ಹಿರಿಯರ ಮನೆಯ ಮಾಳಿಗೆಯ ಮೇಲೆ. ಅವರಿಗೆ ಅರವತ್ತೆಂಟು ವರ್ಷ. ಆ ಮನೆ ಇರುವ ಜಾಗದಲ್ಲಿ ಅವರು ಮದುವೆಯಾಗಿ ಬಂದ ಹೊಸದರಲ್ಲಿ ರಾಗಿ ಹೊಲವಿತ್ತಂತೆ. ಈಗ ನಾಲ್ಕು ಅಂತಸ್ತು, ಆರು ಬಾಡಿಗೆ ಮನೆ. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿಗೆ ಕೊಕ್ಕೆ ಹಾಕಿಕೊಂಡಿದ್ದೆವು. ಕಲಿಸುವವರು ರಾಜಾಜಿನಗರದ ಒಬ್ಬ ನಿವೃತ್ತ ಪಿ.ಟಿ. ಟೀಚರ್, ಎಲ್ಲರಿಗೂ ಬರೀ ‘ಮೇಡಂ’. ಕೊರಳಲ್ಲಿ ಈಗಲೂ ಸೀಟಿ ಇರುತ್ತದೆ. ನನ್ನ ಕೆಲಸ ತಾಳ ಹಾಕುವುದು, ಸುತ್ತು ಎಣಿಸುವುದು ಮತ್ತು ತಪ್ಪುಗಳ ಲೆಕ್ಕದ ಪುಸ್ತಕ ಬರೆಯುವುದು. ನಾನು ವಿಜಯನಗರದಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಸಣ್ಣ ಸೀಸೆಗಳ ಮೇಲೆ ತಾರೀಕು, ವೇಳೆ, ನಂಬರು ಅಂಟಿಸುವುದು ದಿನವಿಡೀ ಇದ್ದದ್ದೇ. ಅದಕ್ಕೇ ಮೇಡಂ, “ಲ್ಯಾಬಿನ ಹುಡುಗಿ, ನಿನ್ನ ಕೈಲಿ ತಪ್ಪಾಗಲ್ಲ, ನೀನೇ ಬರಿ” ಎಂದು ಪುಸ್ತಕವನ್ನು ನನಗೆ ಕೊಟ್ಟಿದ್ದರು. ಯಾರು ತಪ್ಪು ದಾಟಿದರೂ ಅವರ ಸಾಲಿನಲ್ಲಿ ಒಂದು ಗೀಟು. ಅಷ್ಟೇ.

ಕರೆ ಬಂದ ದಿನವೇ ಮೇಡಂ ನಿಯಮ ಹೇಳಿಬಿಟ್ಟರು. “ನಾಲ್ಕು ಭಾನುವಾರ ನೋಡೋಣ. ಯಾರದ್ದು ಜಾಸ್ತಿ ಗೀಟೋ ಅವರು ಈ ಸಲ ಬಿಡುವು ತಗೋಬೇಕು. ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ. ಆಯ್ತಾ?”

“ಬೇಜಾರು ಯಾಕೆ ಮೇಡಂ, ಬಿಟ್ಟಿ ಟೂರ್ ಅಲ್ವಾ, ಕೂತ್ರೂ ಕರ್ಕೊಂಡು ಹೋಗ್ತೀರಲ್ಲ?” ಎಂದರು ಟೈಲರ್ ಆಂಟಿ. ಇವರು ಗೋವಿಂದರಾಜನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ, ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

ಅಮ್ಮನಿಗೆ ನಲವತ್ತೊಂಬತ್ತು. ಅವಳದೇ ಅನ್ನುವಂಥದ್ದು ಈ ಭಾನುವಾರದ ಎರಡು ಗಂಟೆ ಬಿಟ್ಟರೆ ನನಗೆ ತಿಳಿದಂತೆ ಬೇರೇನೂ ಇಲ್ಲ. ಹಿಂದಿನ ವರ್ಷ ಚಂದ್ರಾ ಲೇಔಟಿನ ರಾಜ್ಯೋತ್ಸವದಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಅವಳ ಮುಖ ಹೇಗಿತ್ತು ಎಂದು ಬರೆಯಲು ಕೂತು, ಬರೆಯಲಾಗದೆ, ‘ಅಮ್ಮ: ಆರು ಸುತ್ತು, ತಪ್ಪು ಸೊನ್ನೆ’ ಎಂದಷ್ಟೇ ಬರೆದಿದ್ದೆ.

ಈ ವರ್ಷ ಹಾಗಿರಲಿಲ್ಲ. ಜೂನ್‌ನಿಂದಲೇ ಅವಳು ಮರೆಯತೊಡಗಿದ್ದಳು. ಸಾರಿಗೆ ಎರಡು ಸಲ ಉಪ್ಪು, ಉರಿಯುತ್ತಲೇ ಉಳಿದ ಗ್ಯಾಸ್, ಬಾಗಿಲಿಗೆ ಚಿಲಕ ಹಾಕದೆ ಮಾರ್ಕೆಟ್ಟಿಗೆ ಹೋದದ್ದು. ಅವಳ ತಾಯಿ, ನನ್ನ ಅಜ್ಜಿ, ಕೊನೆಯ ಆರು ವರ್ಷ ನಮ್ಮನ್ನು ಯಾರೆಂದು ಗುರುತಿಸದೆ ಕಳೆದವರು. ಅವರಿಗೂ ಶುರುವಾದದ್ದು ಉಪ್ಪಿನಿಂದಲೇ ಎಂದು ಮನೆಯಲ್ಲಿ ಎಲ್ಲರಿಗೂ ನೆನಪಿದೆ. ನಾನು ಯಾರಿಗೂ ಹೇಳದೆ ಡೈರಿಯ ಹಿಂದಿನ ಪುಟದಲ್ಲಿ ಇನ್ನೊಂದು ಲೆಕ್ಕ ಇಡತೊಡಗಿದೆ. ತಾರೀಕು, ಏನು ಮರೆತಳು, ಎಷ್ಟು ಹೊತ್ತಿಗೆ ನೆನಪಾಯಿತು. ಅಕ್ಟೋಬರ್ ಕೊನೆಗೆ ಹನ್ನೊಂದು ಆಗಿತ್ತು.

ನವೆಂಬರಿನ ಆ ನಾಲ್ಕು ಭಾನುವಾರಗಳಲ್ಲಿ ಅಮ್ಮ ಒಂಬತ್ತು ಸಲ ತಪ್ಪು ದಾಟಿದಳು. ಟೈಲರ್ ಆಂಟಿ ಆರು ಸಲ. ಉಳಿದವರದ್ದೆಲ್ಲ ಮೂರರ ಒಳಗೆ. ದೊಡ್ಡಮ್ಮನದ್ದು ಸೊನ್ನೆ.

ಪುಸ್ತಕದಲ್ಲಿ ಅಮ್ಮನ ಸಾಲಿನಲ್ಲಿ ಐದು ಗೀಟು ಇತ್ತು.

ಒಂದೇ ಸಲಕ್ಕೆ ಮಾಡಿದ್ದಲ್ಲ. ಎರಡನೇ ಭಾನುವಾರ ಒಂದು ತಪ್ಪಿಗೆ ಪೆನ್ಸಿಲ್ ಎತ್ತಿದವಳು ಗೀಟು ಎಳೆಯಲಿಲ್ಲ. ಮೂರನೆಯ ವಾರ ಎರಡು ಬಿಟ್ಟೆ, ನಾಲ್ಕನೆಯ ವಾರ ಇನ್ನೊಂದು. ಅಮ್ಮನ ಜಾಗ ಉಳಿಯಲಿ ಎಂಬುದು ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡದು ಬೇರೆಯಿತ್ತು. ಹಿಂದಿನ ಪುಟದ ಹನ್ನೊಂದರ ಪಕ್ಕದಲ್ಲಿ ಈ ಒಂಬತ್ತನ್ನೂ ಇಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಬರೆಯದಿದ್ದರೆ ಇನ್ನೂ ಆಗಿಲ್ಲ ಎಂದು ಅಂದುಕೊಳ್ಳಬಹುದಿತ್ತು.

ನವೆಂಬರ್ ಇಪ್ಪತ್ಮೂರರಂದು ಮೇಡಂ ಪುಸ್ತಕ ತೆಗೆದು ಎಲ್ಲರ ಮುಂದೆ ಓದಿದರು. ಟೈಲರ್ ಆಂಟಿಯ ಸಾಲಿಗೆ ಬಂದಾಗ ಒಂದು ಕ್ಷಣ ತಡೆದು, “ಆರು, ನಿಮ್ಮದೇ ಜಾಸ್ತಿ” ಎಂದರು.

“ಹೌದಾ? ಎದುರುಗಡೆ ಅಕ್ಕ ಬಂದಾಗೆಲ್ಲ ಇಬ್ಬರಿಗೂ ಡಿಕ್ಕಿ ಆಗ್ತಿತ್ತಲ್ಲ, ಅವರದ್ದೂ ಅಷ್ಟೇ ಇರ್ಬೇಕು ಅಂದ್ಕೊಂಡಿದ್ದೆ” ಎಂದು ಆಂಟಿ ಅಮ್ಮನ ಕಡೆ ನೋಡಿದರು. ಆಮೇಲೆ ತಾವೇ, “ಹೋಗ್ಲಿ ಬಿಡಿ ಮೇಡಂ. ಎಂಟು ಜನಕ್ಕೂ ಒಂದೇ ಥರ ಬ್ಲೌಸ್ ಹೊಲಿದು ಕೊಡ್ತೀನಿ. ಸ್ಟೇಜ್ ಪಕ್ಕ ನಿಂತು ನನ್ನ ಬ್ಲೌಸ್‌ಗಳು ಕುಣಿಯೋದನ್ನ ನೋಡ್ತೀನಿ” ಎಂದರು.

ನಾನು ತಾಳವನ್ನು ಚೀಲಕ್ಕೆ ಹಾಕುವ ನೆಪದಲ್ಲಿ ತಲೆ ಬಗ್ಗಿಸಿದೆ. ಅಮ್ಮ ನನ್ನನ್ನು ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಡಿಸೆಂಬರ್ ಆರು, ಶನಿವಾರ, ಬೆಳಿಗ್ಗೆ ಐದೂ ಮುಕ್ಕಾಲಿಗೆ ಮಿನಿ ಬಸ್ಸು ಹೊರಟಿತು. ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಪುಸ್ತಕದ ಕಡೆ ಗಮನ ಹೋಗದಿರಲೆಂದು ಒಂದೊಂದನ್ನೂ ಎಣಿಸುತ್ತಾ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಟೈಲರ್ ಆಂಟಿ ಎಲ್ಲರಿಗೂ ಶುಂಠಿ ಚೂರು ಹಂಚುತ್ತಿದ್ದರು. ನನಗೆ ಎರಡು ಸಲ ಕೊಟ್ಟರು. “ಮುಖ ನೋಡು, ಸುಣ್ಣ ಬಳಿದ ಹಾಗಿದೆ. ತಿನ್ನೇ.”

ಆ ಊರು ಎಷ್ಟು ಚಿಕ್ಕದೆಂದರೆ ಇಳಿದ ಜಾಗದಿಂದಲೇ ಎರಡು ತುದಿಯೂ ಕಾಣುತ್ತಿತ್ತು. ಒಂದು ತುದಿಯಲ್ಲಿ ಬಸ್ ನಿಲ್ದಾಣ, ಇನ್ನೊಂದರಲ್ಲಿ ಆಸ್ಪತ್ರೆ, ನಡುವೆ ಇಳಿಜಾರಿನಲ್ಲಿ ಒಂದರ ಹೆಗಲ ಮೇಲೆ ಒಂದು ಕೂತಂತೆ ಮನೆಗಳು. ಮನರಂಜನೆ ಎಂದರೆ ಒಂದೇ ಒಂದು ಸಭಾಂಗಣ. ಅದರ ಬಾಗಿಲಲ್ಲಿ ಕಪ್ಪು ಹಲಗೆಯ ಮೇಲೆ ವಾರದ ಪಟ್ಟಿ ಇತ್ತು. ನಾನು ನಕಲು ಮಾಡಿಕೊಂಡೆ: ಬೆಳಿಗ್ಗೆ ಆರರಿಂದ ಎಂಟು ಶಟಲ್, ಸಂಜೆ ನಾಲ್ಕಕ್ಕೆ ಕೇರಂ, ಬುಧವಾರ ಹಾರ್ಮೋನಿಯಂ, ಶುಕ್ರವಾರ ಭಜನೆ, ಶನಿವಾರ ಬೆಳಿಗ್ಗೆ ಮಕ್ಕಳ ಚಿತ್ರಕಲೆ. ತಿಂಗಳ ಮೊದಲ ಶನಿವಾರ ಮೂರು ಗಂಟೆಗೆ ಕಾರ್ಯಕ್ರಮ. ಮೂರಕ್ಕೇ ಯಾಕೆಂದರೆ ಐದರ ಹೊತ್ತಿಗೆ ಮಂಜು ಇಳಿಯುತ್ತದೆ, ಐದೂವರೆಗೆ ಎಸ್ಟೇಟುಗಳ ಕಡೆಗೆ ಹೋಗುವ ಕೊನೆಯ ಬಸ್ಸು.

ಇದನ್ನೆಲ್ಲ ನಡೆಸುವವರು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಮಗಳ ಮನೆಗೆಂದು ನಾಗರಬಾವಿಗೆ ಬಂದಿದ್ದಾಗ ಚಂದ್ರಾ ಲೇಔಟಿನಲ್ಲಿ ನಮ್ಮನ್ನು ನೋಡಿ ಕರೆದವರು ಅವರೇ. ಕಸ ಗುಡಿಸುವುದೂ ಅವರೇ, ಮೈಕಿನಲ್ಲಿ ಹೇಳುವುದೂ ಅವರೇ, ತಬಲಾ ಬಾರಿಸುವುದೂ ಅವರೇ. “ನಮ್ಮೂರಲ್ಲಿ ನೋಡೋರು ಬೇರೆ, ಆಡೋರು ಬೇರೆ ಅಂತ ಇಲ್ಲಮ್ಮ. ಇವತ್ತು ಮುಂದಿನ ಸಾಲಲ್ಲಿ ಕೂರೋ ನರ್ಸಮ್ಮ ಹೋದ ತಿಂಗಳು ಇಲ್ಲೇ ಹಾಡಿದ್ರು. ಜನ ಕಡಿಮೆ, ಸರದಿ ಬೇಗ ಬರುತ್ತೆ” ಎಂದರು.

ಗೋಡೆಗೆ ಕಟ್ಟಿದ ದಾರದಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮಕ್ಕಳ ಚಿತ್ರಗಳನ್ನು ತೂಗುಹಾಕಿದ್ದರು. ಇಪ್ಪತ್ತೇಳು ಚಿತ್ರಗಳು. ನಮ್ಮ ಕಡೆಯ ಮಕ್ಕಳು ಬೆಟ್ಟವೆಂದರೆ ಎರಡು ತ್ರಿಕೋನ ಬರೆದು ನಡುವೆ ಸೂರ್ಯನನ್ನು ಇಡುತ್ತಾರೆ. ಇಲ್ಲಿ ಒಂದೂ ತ್ರಿಕೋನ ಇರಲಿಲ್ಲ. ಅವರ ಬೆಟ್ಟವೆಂದರೆ ಮೆಟ್ಟಿಲುಗಳು, ಮೇಲಿನಿಂದ ಕಂಡ ಛಾವಣಿಗಳು, ಕೆಳಗೆಲ್ಲೋ ಬೆಂಕಿಪೊಟ್ಟಣದಷ್ಟು ಬಸ್ಸು. ಐದು ನಿಮಿಷ ಅವನ್ನು ನೋಡುತ್ತಾ ಅಮ್ಮನ ವಿಷಯ ಮರೆತಿದ್ದೆ. ಆ ದಿನ ನನಗೆ ಸಿಕ್ಕ ನೆಮ್ಮದಿಯ ಹೊತ್ತು ಅದೊಂದೇ.

ಪೋಸ್ಟ್‌ಮ್ಯಾನ್ ಅವರಿಗೆ ನಾನು ಮೊದಲೇ ವಾಟ್ಸಾಪಿನಲ್ಲಿ ಹದಿಮೂರು ಅಂಶಗಳ ಪಟ್ಟಿ ಕಳಿಸಿದ್ದೆ. ಕೊಕ್ಕೆಯ ಎತ್ತರ ಹನ್ನೊಂದು ಅಡಿ, ಅದು ತಡೆಯಬೇಕಾದ ಭಾರ, ಸುತ್ತ ಎಂಟಡಿ ಜಾಗ, ನೆಲಕ್ಕೆ ಮೇಣ ಹಚ್ಚಿರಬಾರದು, ಹೀಗೆ. ಅವರು ಹದಿಮೂರನ್ನೂ ಪಾಲಿಸಿದ್ದರು. ವೇದಿಕೆ ಚಿಕ್ಕದೆಂದು ಶಟಲ್ ಕೋರ್ಟಿನ ನಡುವೆಯೇ, ಫ್ಯಾನ್ ತೆಗೆದು ಅದರ ಕೊಕ್ಕೆಯಲ್ಲಿ ನಮ್ಮ ಪಟ್ಟಿಗಳನ್ನು ಕಟ್ಟಿಸಿದ್ದರು. ಅವರಾಗಿಯೇ ಇನ್ನೊಂದನ್ನೂ ಮಾಡಿದ್ದರು. ಕೊಕ್ಕೆಯ ನೇರ ಕೆಳಗೆ ರಂಗೋಲಿ ಹಾಕಿಸಿ, ಒಂದು ಪೀಠದ ಮೇಲೆ ದೇವರ ಪಟವಿಟ್ಟು, ಮುಂದೆ ಹಿತ್ತಾಳೆಯ ದೀಪ ಇಟ್ಟಿದ್ದರು. ಎರಡೂ ಐವತ್ತಕ್ಕೆ ಊರಿನ ಡಾಕ್ಟರು ಬಂದು ದೀಪ ಹಚ್ಚಿಯೂ ಆಯಿತು. ನಡುವೆ ಏನೂ ಇಡಬಾರದು ಎಂದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಪರದೆಯ ಹಿಂದೆ ಗುಸುಗುಸು ಎದ್ದಿತು. ಎಡಕ್ಕೆ ಸುತ್ತುವ ನಾಲ್ವರಿಗೆ, ಅಂದರೆ ಅಮ್ಮನ ಗುಂಪಿಗೆ, ದೇವರಿಗೆ ಅಪ್ರದಕ್ಷಿಣೆ ಬರುವುದು ಹೇಗೆ ಎಂಬ ಚಿಂತೆ.

“ಪಕ್ಕಕ್ಕೆ ಇಡಿಸೋಣ್ವಾ ಮೇಡಂ?” ಎಂದೆ.

“ಹಚ್ಚಿದ ದೀಪ ಎತ್ತೋದಾ? ಅವರು ಪ್ರೀತಿಯಿಂದ ಇಟ್ಟಿದಾರೆ. ಸುಮ್ನಿರು.” ಮೇಡಂ ಎಡದ ನಾಲ್ವರ ಕಡೆ ತಿರುಗಿದರು. “ನೋಡಿ, ಮೊದಲು ಎಡಕ್ಕೆ ಆರು ಹೋಗ್ತೀರ. ಆಮೇಲೆ ಬಿಚ್ಚುವಾಗ ಬಲಕ್ಕೆ ಆರು ಬರ್ತೀರ. ಕೊನೇಲಿ ಬಲಬಂದ ಹಾಗೇ ಆಯ್ತಲ್ಲ. ಸರಿಹೋಯ್ತಾ?”

ನಾಲ್ವರೂ ತಲೆಯಾಡಿಸಿದರು. ಬಲಕ್ಕೆ ಸುತ್ತುವ ಗುಂಪಿನ ಮೊದಲನೆಯವರು ದೊಡ್ಡಮ್ಮ. ಅವರೂ ತಲೆಯಾಡಿಸಿದರು. ಈ ಲೆಕ್ಕವನ್ನೇ ಅವರ ಕಡೆಯಿಂದ ಮಾಡಿದರೆ ಏನಾಗುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಲೆಕ್ಕದವಳಾದ ನನಗೂ.

ಕಾರ್ಯಕ್ರಮ ಶುರುವಾಯಿತು. ಸ್ವೆಟರು, ಮಫ್ಲರು ಹಾಕಿಕೊಂಡ ಸುಮಾರು ನೂರು ಜನ ಕೋರ್ಟಿನ ಬಿಳಿ ಗೆರೆಯಾಚೆ ಕೂತಿದ್ದರು. ಮೇಡಂ ಹಾಡು, ಪೋಸ್ಟ್‌ಮ್ಯಾನ್ ತಬಲಾ, ನನ್ನ ತಾಳ. ನಾನು ಒಂದು ಕಣ್ಣು ದೀಪದ ಮೇಲೆ, ಒಂದು ಕಣ್ಣು ಅಮ್ಮನ ಕಾಲಿನ ಮೇಲೆ ಇಟ್ಟಿದ್ದೆ. ಒಳಗೆ, ಹೊರಗೆ, ಒಳಗೆ, ಹೊರಗೆ. ಅಮ್ಮನ ತುಟಿ ಅಲುಗುತ್ತಿತ್ತು. ಒಂದು ಸುತ್ತು, ಎರಡು, ಮೂರು. ತಪ್ಪಿಲ್ಲ. ದೊಡ್ಡಮ್ಮ ಪ್ರತಿ ಸುತ್ತಿಗೂ ಪಟದ ಮುಂದೆ ಬಂದಾಗ ಕೋಲು ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಜನಕ್ಕೆ ಅದು ಬಹಳ ಹಿಡಿಸಿತು. ಆರನೆಯ ಸುತ್ತಿಗೆ ಜಡೆ ತಲೆಯೆತ್ತರಕ್ಕೆ ಇಳಿದಿತ್ತು. ಒಂದು ಗಂಟೂ ಇಲ್ಲದ ಎಂಟು ಬಣ್ಣದ ಜಡೆ. ಚಪ್ಪಾಳೆ ಬಿತ್ತು. ಮೇಡಂ ಸೀಟಿ ಊದಿದರು. ಏಳು ಜನ ಹಿಂದಕ್ಕೆ ತಿರುಗಿದರು.

ದೊಡ್ಡಮ್ಮ ತಿರುಗಲಿಲ್ಲ.

ಮೇಡಂ ಹಾಡುತ್ತಲೇ ಕಣ್ಣಲ್ಲಿ ಸನ್ನೆ ಮಾಡಿದರು. ನಾನು ತಾಳ ಹಾಕುತ್ತಲೇ ಒಂದು ಹೆಜ್ಜೆ ಮುಂದೆ ಹೋಗಿ, “ದೊಡ್ಡಮ್ಮ, ತಿರುಗಿ” ಎಂದೆ.

“ನಾನು ಬರಕಿಲ್ಲ.”

“ಯಾಕೆ?”

“ಆರು ಪ್ರದಕ್ಷಿಣೆ ಹಾಕಿವ್ನಿ. ಅದನ್ನ ಒಂದೊಂದಾಗಿ ಬಿಚ್ಚಾಕು ಅಂತೀಯಾ? ದೇವರ ಮುಂದೆ ಹಾಕಿದ್ದು ಹಾಕಿದ್ದೇ ಕಣವ್ವ.”

ಆರು ಬಲಕ್ಕೆ, ಆರು ಎಡಕ್ಕೆ, ಕಳೆದರೆ ಸೊನ್ನೆ. ಎಡದವರನ್ನು ಸಮಾಧಾನ ಮಾಡಿದ ಲೆಕ್ಕವೇ ಬಲದವರ ಪುಣ್ಯವನ್ನು ಅಳಿಸುತ್ತಿತ್ತು. ಅವರ ಗುಂಪಿನ ಉಳಿದ ಮೂವರೂ ಅನುಮಾನದಿಂದ ನಿಂತರು. ಪೋಸ್ಟ್‌ಮ್ಯಾನ್ ಏನೂ ಆಗದವರಂತೆ ಅದೇ ನಾಲ್ಕು ಪೆಟ್ಟನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. ಜನ ಇದೂ ಆಟದ ಭಾಗವೆಂದು ನೋಡುತ್ತಿದ್ದರು. ನನಗೆ ಮಾತ್ರ ಅಮ್ಮನ ತುಟಿ ಅಲುಗುವುದು ನಿಂತದ್ದು ಕಾಣುತ್ತಿತ್ತು. ಒಳಗೋ ಹೊರಗೋ ಎಂಬುದನ್ನು ಅವಳು ಮರೆಯುತ್ತಾಳೆ, ಇನ್ನು ಹತ್ತು ಕ್ಷಣ ಹೀಗೇ ನಿಂತರೆ ಮರೆತೇಬಿಡುತ್ತಾಳೆ ಎಂದು ಹೆದರಿ ತಾಳವನ್ನು ಇನ್ನಷ್ಟು ಗಟ್ಟಿಯಾಗಿ ಹಾಕಿದೆ.

ದೊಡ್ಡಮ್ಮನೇ ದಾರಿ ಕಂಡುಕೊಂಡರು. ಪರದೆಯ ಬಳಿ ನಿಂತಿದ್ದ ಟೈಲರ್ ಆಂಟಿಯ ಕಡೆ ಪಟ್ಟಿ ಚಾಚಿ, “ಬಾರೇ, ನೀನು ಹಿಡಿ. ನೀನೇನು ಸುತ್ತು ಹಾಕಿಲ್ಲ, ನಿಂಗೇನೂ ಕಳೆಯೋದಿಲ್ಲ” ಎಂದರು.

ಆಂಟಿ ಚಪ್ಪಲಿ ಬಿಟ್ಟು ಬಂದೇಬಿಟ್ಟರು. ಎಲ್ಲರೂ ಹಸಿರು ರೇಷ್ಮೆ, ಅವರೊಬ್ಬರು ಕಂದು ಕಾಟನ್ ಸೀರೆ, ಮೇಲೆ ಗಂಡನ ಸ್ವೆಟರು. ಉಳಿದ ಮೂವರು ದೊಡ್ಡಮ್ಮನ ಮುಖ ನೋಡಿದರು. “ನಿಮ್ಮದು ನಿಮಗೆ ಬಿಟ್ಟಿದ್ದು” ಎಂದು ಅವರು ಪಟಕ್ಕೆ ಕೈಮುಗಿದು ಪಕ್ಕಕ್ಕೆ ಸರಿದರು. ಮೂವರೂ ಮತ್ತೆ ಹೆಜ್ಜೆ ಹಾಕಿದರು. ಆಟ ಮತ್ತೆ ಚಲಿಸಿತು.

ಆಂಟಿ ಈ ಜಾಗದಿಂದ ಒಮ್ಮೆಯೂ ಅಭ್ಯಾಸ ಮಾಡಿದವರಲ್ಲ. ಆದರೂ ಮೊದಲ ಮೂರು ಸುತ್ತು ಒಂದೂ ತಪ್ಪಲಿಲ್ಲ. ಜಡೆ ಮೇಲಕ್ಕೆ ಬಿಚ್ಚಿಕೊಳ್ಳುತ್ತಾ ಹೋಯಿತು. ನಾಲ್ಕನೆಯ ಸುತ್ತಿನಲ್ಲಿ, ಹೊರಗೆ ಹೋಗಬೇಕಾದ ಅಮ್ಮ ಒಳಗೆ ಬಂದಳು. ನಾನು ಬಾಯಿ ತೆರೆದೆ, ಶಬ್ದ ಬರಲಿಲ್ಲ. ಎದುರು ಬರುತ್ತಿದ್ದವರು ಟೈಲರ್ ಆಂಟಿ. ಅವರು ಕೋಲಿಗೆ ಕೋಲು ತಾಗಿಸುವ ಬದಲು ಕೋಲನ್ನು ಅಮ್ಮನ ಮೊಣಕೈಗೆ ಅಡ್ಡವಿಟ್ಟು, ಮೆಲ್ಲಗೆ ಹೊರಕ್ಕೆ ತಳ್ಳಿ, ತಾವು ಒಳಗೆ ನುಸುಳಿಕೊಂಡರು. ಒಂದು ಪೆಟ್ಟಿನ ಅಂತರವೂ ಆಗಲಿಲ್ಲ. ಆರನೆಯ ಸುತ್ತಿಗೆ ಎಂಟೂ ಪಟ್ಟಿಗಳು ಬೇರೆ ಬೇರೆಯಾಗಿ ಬಿಚ್ಚಿಕೊಂಡವು. ಮುಂದಿನ ಸಾಲಿನ ನರ್ಸಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಕಾಫಿ, ಆಲೂಗಡ್ಡೆ ಬೋಂಡ. ಟೈಲರ್ ಆಂಟಿ ಸಭಾಂಗಣದ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ನಡೆದದ್ದನ್ನು ಹೇಳಿ ನಗಿಸುತ್ತಿದ್ದರು. “ಅಕ್ಕ ನೇರ ನನ್ನ ಮೇಲೇ ಬರ್ತಿದಾರೆ, ಮಾಗಡಿ ರೋಡ್ ಬಸ್ ಥರ. ನಾನೇ ಟ್ರಾಫಿಕ್ ಪೊಲೀಸ್ ಆದೆ.” ಅಮ್ಮನೂ ನಕ್ಕಳು. ಜನ ಕರಗಿದ ಮೇಲೆ, ನಾಲ್ಕೂ ಇಪ್ಪತ್ತರ ಹೊತ್ತಿಗೆ, ಅವರ ಪಕ್ಕ ಕೂತೆ.

“ಆಂಟಿ, ನೀವು ಕೂರಬೇಕಾಗಿರ್ಲಿಲ್ಲ.”

“ಎಲ್ಲಿ?”

“ಈ ಸಲ ಆಟದಿಂದ ಹೊರಗೆ. ಪುಸ್ತಕದಲ್ಲಿ ಅಮ್ಮನದ್ದು ಐದು ಅಂತ ಬರೆದಿದ್ದೆ. ಒಂಬತ್ತಿತ್ತು.”

ಅವರು ತಮಾಷೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟರು.

“ನಾನು ಮನೇಲಿ ಏನು ಹೇಳಿದೀನಿ ಗೊತ್ತಾ? ವಯಸ್ಸಾಯ್ತು, ನನ್ನ ಕೈಲಿ ಆಗ್ತಿಲ್ಲ ಅಂತ. ಎರಡು ವಾರ ರಾತ್ರಿ ನಿದ್ದೆ ಮಾಡಿಲ್ಲ. ಎಲ್ಲಿ ತಪ್ಪಾಯ್ತು, ಎಲ್ಲಿ ತಪ್ಪಾಯ್ತು ಅಂತ ಮಿಷನ್ ಮುಂದೆ ಕೂತು ಕಾಲಲ್ಲೇ ಹೆಜ್ಜೆ ಹಾಕಿ ನೋಡ್ತಿದ್ದೆ.” ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ, “ಮೇಡಂಗೆ ನೀನೇ ಹೇಳು. ನಾನು ಹೇಳಿದ್ರೆ ಚಾಡಿ ಆಗುತ್ತೆ” ಎಂದು ಎದ್ದು ಬಸ್ಸಿನ ಕಡೆ ನಡೆದರು.

ತಿರುಗಿದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

“ಯಾಕೆ ಹಾಗೆ ಮಾಡ್ದೆ?”

ನಾನು ಆಂಟಿ ಬಿಟ್ಟುಹೋದ ಲೋಟ ಎತ್ತಿಕೊಂಡೆ.

“ನಿಮ್ಮಜ್ಜಿ ಥರ ಆಗ್ತಿದೀನಿ ಅಂತಾನಾ?”

ನನ್ನ ಕೈ ಚೀಲದಲ್ಲಿದ್ದ ಡೈರಿಯ ಮೇಲೆ ಹೋಯಿತು.

“ಆ ಹಿಂದಿನ ಪುಟ ನೋಡಿದೀನಿ. ಹನ್ನೊಂದು ಅಂತ ಬರ್ದಿದ್ದೀಯ. ಹನ್ನೆರಡು ಅದು. ಗೀಸರ್ ಆರಿಸದೆ ಎರಡು ದಿನ ಮಾವನ ಮನೆಗೆ ಹೋಗಿದ್ವಲ್ಲ, ಅದು ನಿಂಗೆ ಗೊತ್ತಾಗ್ಲಿಲ್ಲ.” ಅವಳ ದನಿ ಏರಲಿಲ್ಲ. “ನಂಗೆ ಭಯ ಇಲ್ಲ ಅಂದ್ಕೊಂಡ್ಯಾ? ಇಲ್ಲಿ ತಪ್ಪು ಮಾಡಿದ್ರೆ ಮೇಡಂ ಬೈತಾರೆ, ಅವಳು ಕೋಲಲ್ಲಿ ತಳ್ತಾಳೆ. ಹೊರಗೆ ಅಂದ್ರೆ ಹೊರಗೆ ಹೋಗ್ತೀನಿ. ಮನೇಲಿ ನೀನು ಬಾಯಿ ಬಿಡಲ್ಲ. ಬರ್ಕೋತೀಯ.”

ಮಂಜು ಆಗಲೇ ಬಸ್ ನಿಲ್ದಾಣವನ್ನು ನುಂಗಿತ್ತು. “ಲ್ಯಾಬಲ್ಲಿದ್ದೀಯಲ್ಲ, ಯಾವ ಡಾಕ್ಟರನ್ನ ನೋಡ್ಬೇಕು ಅಂತ ವಿಚಾರಿಸು” ಎಂದು ಹೇಳಿ ಅಮ್ಮ ಬಸ್ಸು ಹತ್ತಿದಳು.

ಘಾಟಿ ಇಳಿಯುವ ಮೊದಲೇ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. ಕೈ ಚಾಚಿ, “ಪುಸ್ತಕ” ಎಂದರು. ಕೊಟ್ಟೆ. ಬೆಂಗಳೂರು ಮುಟ್ಟುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಟೈಲರ್ ಆಂಟಿ ಡ್ರೈವರ್ ಪಕ್ಕದ ಸೀಟಿನಲ್ಲಿದ್ದರು, ಒಮ್ಮೆಯೂ ಹಿಂದೆ ನೋಡಲಿಲ್ಲ. ಈ ಸಲ ಶುಂಠಿ ಹಂಚಲಿಲ್ಲ.

ಈಗ ಗೀಟುಗಳಿಲ್ಲ. ಮೇಡಂ ಹೊಸ ಪದ್ಧತಿ ತಂದಿದ್ದಾರೆ: ತಪ್ಪು ಕಂಡವರು ಅಲ್ಲೇ, ಆಗಲೇ, ಬಾಯಿಬಿಟ್ಟು ಹೇಳಬೇಕು, ಎಲ್ಲರಿಗೂ ಕೇಳಿಸಬೇಕು. ಸಂಕ್ರಾಂತಿಗೆ ಕೆಂಗೇರಿಯಲ್ಲಿ ಕಾರ್ಯಕ್ರಮವಿದೆ. ಡಿಸೆಂಬರ್ ಹದಿನಾಲ್ಕರಂದು ಒಂಬತ್ತು ಜನರನ್ನೂ ಸರದಿಯ ಮೇಲೆ ಆಡಿಸಿದರು. ಅಮ್ಮ ತಪ್ಪಿದಾಗ ಮೊದಲ ಸಲ ಎಲ್ಲರೂ ಸುಮ್ಮನಿದ್ದರು. ಎರಡನೆಯ ಸಲ ಟೈಲರ್ ಆಂಟಿ ಗಟ್ಟಿಯಾಗಿ, “ತಪ್ಪು” ಎಂದರು. ಅವರು ನನ್ನೊಂದಿಗೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ‘ನೀರು ಕೊಡು’, ‘ಚಾಪೆ ಎತ್ತು’, ಅಷ್ಟೇ. ಕೊನೆಗೆ ಮೇಡಂ ಅಮ್ಮನ ಹತ್ತಿರವೇ ಬಂದು, “ಈ ಸಲ ನೀವು ಕೂತ್ಕೊಳ್ಳಿ” ಎಂದರು. ಅಮ್ಮ “ಆಯ್ತು ಮೇಡಂ” ಎಂದು ಪಟ್ಟಿಯನ್ನು ಟೈಲರ್ ಆಂಟಿಗೆ ಕೊಟ್ಟಳು.

ಡಾಕ್ಟರ ಭೇಟಿ ಮಂಗಳವಾರ, ಡಿಸೆಂಬರ್ ಇಪ್ಪತ್ಮೂರು, ಬೆಳಿಗ್ಗೆ ಹತ್ತೂ ನಲವತ್ತಕ್ಕೆ. ರಕ್ತವನ್ನು ನಮ್ಮ ಲ್ಯಾಬಿನಲ್ಲೇ ತೆಗೆದದ್ದು. ಸೀಸೆಯ ಮೇಲೆ ಅಮ್ಮನ ನಂಬರು ಅಂಟಿಸಲು ಪಕ್ಕದವಳಿಗೆ ಕೊಟ್ಟೆ. ಡಾಕ್ಟರು ಏನು ಹೇಳುತ್ತಾರೋ ಗೊತ್ತಿಲ್ಲ. ಇವತ್ತು ಭಾನುವಾರ, ಇನ್ನು ಎರಡು ದಿನ ಇದೆ.

ಬೆಳಿಗ್ಗೆ ಅಮ್ಮ ಅಭ್ಯಾಸಕ್ಕೆ ಬರುವುದಿಲ್ಲವೆನ್ನುತ್ತಾಳೆ ಎಂದುಕೊಂಡಿದ್ದೆ. ನನಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಮಾಳಿಗೆಯ ಮೇಲೆ ಎಂಟು ಜನ ಪಟ್ಟಿ ಹಿಡಿದು ಸುತ್ತತೊಡಗಿದಾಗ ಅಮ್ಮ ಚಾಪೆಯಿಂದ ಎದ್ದಳು. ಟೈಲರ್ ಆಂಟಿಯ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ, ಬರಿಗೈಯನ್ನು ಪಟ್ಟಿ ಹಿಡಿದಂತೆ ಮೇಲೆತ್ತಿಕೊಂಡು, ಅವರು ಹೋದಂತೆಯೇ ಹೋಗತೊಡಗಿದಳು. ನಾನು ತಾಳ ಹಾಕುತ್ತಿದ್ದೆ. ಮೂರನೆಯ ಸುತ್ತಿನಲ್ಲಿ, ಒಳಗೆ ಹೋಗಬೇಕಾದಲ್ಲಿ ಅವಳು ಹೊರಕ್ಕೆ ಸರಿದದ್ದು ನನಗೆ ಕಂಡಿತು.

“ಒಳಗೆ, ಅಮ್ಮಾ” ಎಂದೆ. ದನಿ ಸಾಕಾಗಲಿಲ್ಲ.

ಟೈಲರ್ ಆಂಟಿ ನನ್ನ ಕಡೆ ಒಮ್ಮೆ ನೋಡಿದರು. “ಕೇಳಿಸ್ಲಿಲ್ಲ. ಜೋರಾಗಿ ಹೇಳೇ.”

“ಒಳಗೆ!” ಎಂದು ಕೂಗಿದೆ. ಅಮ್ಮ ಒಳಗೆ ಹೋದಳು.